ಬಯಲುಸೀಮೆಯಿಂದ ಕಡಲಿಗೆ: ಘಟ್ಟದ ಮೇಲಿನ ಬಾನದಾರಿ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾದು ನಿಂತವರಿಗೆ ಕಡಲೆಂಬುದು ಬಹು ದೂರದ ಮಾತಾಗಿ ತೋರುತ್ತದೆ. ಹಾಸನವನ್ನು ದಾಟಿ, ಸಕಲೇಶಪುರದಲ್ಲಿ ನಿಂತು, ಸುರಂಗಗಳನ್ನು ನುಸುಳುತ್ತ ಸುಬ್ರಹ್ಮಣ್ಯ ರಸ್ತೆಗೆ ಇಳಿದು ಮಂಗಳೂರು ಸೇರುವ ಹೊತ್ತಿಗೆ ಕಟ್ಟಿಕೊಂಡು ಹೋದ ಬುತ್ತಿ ಮುಗಿದು, ಮಕ್ಕಳು ಎರಡು ನಿದ್ರೆ ಮುಗಿಸಿರುತ್ತಾರೆ. ಬಸ್ಸಿನಲ್ಲಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದವರಿಗಂತೂ ನಿಂಬೆಹಣ್ಣು ಮೂಸುತ್ತ ಕುಳಿತ ನೆನಪು ಅಷ್ಟು ಬೇಗ ಮಾಸುವಂಥದಲ್ಲ. ಆದರೆ ನಕ್ಷೆಯ ಮೇಲೆ ಅರಸೀಕೆರೆಯಿಂದ ಮಂಗಳೂರಿನ ಕಡಲತಡಿಗೆ ನೇರವಾಗಿ ಒಂದು ಗೆರೆ ಎಳೆದು ನೋಡಿದರೆ ಆ ಅಂತರ ಸುಮಾರು 160 ಕಿಲೋಮೀಟರು ಮಾತ್ರ. ಗಂಟೆಗೆ ಸುಮಾರು 220 ಕಿಲೋಮೀಟರು ವೇಗದಲ್ಲಿ ಸಾಗುವ ನಾಲ್ಕು ಆಸನಗಳ ಸಣ್ಣ ವಿಮಾನಕ್ಕೆ ಅದು ಮುಕ್ಕಾಲು ಗಂಟೆಯ ಹಾದಿ.

ಈ ಹಾದಿಯನ್ನು ಕುರಿತು ಬರೆಯಲು ಒಂದು ಕಾರಣವುಂಟು. ನಮ್ಮ ನಾಡಿನ ವಿಮಾನಯಾನದ ಕಥೆಯಲ್ಲಿ ಅರಸೀಕೆರೆ ತಾಲ್ಲೂಕಿನ ಒಂದು ಹೊಲಕ್ಕೂ ಪಾಲಿದೆ ಎಂಬುದು ನಮ್ಮವರಲ್ಲಿಯೇ ಅನೇಕರಿಗೆ ತಿಳಿಯದು. ಬೇಲೂರು, ಹಳೇಬೀಡುಗಳನ್ನು ನೋಡಬಂದವರು ಜಾವಗಲ್ಲಿನ ಮೂಲಕ ಹಾದುಹೋಗುತ್ತಾರೆ. ಆದರೆ ಅಲ್ಲಿಯ ಬೀಳು ಭೂಮಿಯನ್ನು ಹಸನು ಮಾಡಿದ ರೈತರೊಬ್ಬರು ಮುಂದೆ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದರೆಂಬುದನ್ನು ಅವರಿಗೆ ಹೇಳುವವರು ವಿರಳ.

ಪುಷ್ಪಕದಿಂದ ಪುಷ್ಪಕಕ್ಕೆ

ಪುಷ್ಪಕ ವಿಮಾನದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಕಥೆಯ ವಿಮಾನ ಹಾಗಿರಲಿ, ನಿಜವಾದ ವಿಮಾನ ಮೊದಲು ನೆಲಬಿಟ್ಟದ್ದು 1903ರ ಡಿಸೆಂಬರ್ 17ರಂದು, ಅಮೆರಿಕದ ಕಡಲತಡಿಯ ಮರಳುದಿಬ್ಬಗಳ ಬಳಿ. ರೈಟ್ ಸೋದರರ ಆ ಮೊದಲ ಹಾರಾಟ ನಡೆದದ್ದು ಹನ್ನೆರಡು ಸೆಕೆಂಡು. ಸಾಗಿದ್ದು 120 ಅಡಿ. ಹಳೇಬೀಡಿನ ದೇಗುಲದ ಜಗತಿಯ ಉದ್ದವೂ ಅದಕ್ಕಿಂತ ಹೆಚ್ಚು!

ನಮ್ಮ ದೇಶದಲ್ಲಿ ಜೆ. ಆರ್. ಡಿ. ಟಾಟಾ ಅವರು 1929ರಲ್ಲಿ ವಿಮಾನ ಚಾಲನೆಯ ಪರವಾನಗಿ ಪಡೆದರು. 1932ರ ಅಕ್ಟೋಬರ್ 15ರಂದು ಸಣ್ಣದೊಂದು ವಿಮಾನದಲ್ಲಿ ಅಂಚೆಯ ಚೀಲವನ್ನು ಇರಿಸಿಕೊಂಡು ಅವರು ಕರಾಚಿಯಿಂದ ಬೊಂಬಾಯಿಗೆ ಹಾರಿಬಂದರು. ಆ ಅಂಚೆಯ ಮುಂದಿನ ಹಾದಿ ಮದರಾಸಿಗೆ. ನಡುವಿನ ತಂಗುದಾಣ ನಮ್ಮ ಬಳ್ಳಾರಿ. ಹೀಗೆ ಭಾರತದ ವಾಯು ಅಂಚೆಯ ಮೊದಲ ಹೆಜ್ಜೆಗಳಲ್ಲಿಯೇ ಕನ್ನಡ ನೆಲದ ಸ್ಪರ್ಶವಿದೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಅದೇ ಇಂದಿನ ಎಚ್.ಎ.ಎಲ್. ಈ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಇಬ್ಬರು ಕೂಡುವ ಹಗುರ ವಿಮಾನಕ್ಕೆ ಇಟ್ಟ ಹೆಸರೂ ‘ಪುಷ್ಪಕ’ವೇ. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್ನು; ಇಂದಿನ ಒಂದು ಸಾಧಾರಣ ಮೋಟಾರು ಕಾರಿನಷ್ಟೇ ಬಲ. ದೇಶದ ಹಾರಾಟ ಸಂಘಗಳಲ್ಲಿ ಒಂದು ತಲೆಮಾರಿನ ತರುಣರು ರೆಕ್ಕೆ ಬಲಿಸಿಕೊಂಡದ್ದು ಈ ಪುಷ್ಪಕದಲ್ಲಿಯೇ. ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ ‘ಹಂಸ’ ಎಂಬ ತರಬೇತಿ ವಿಮಾನ 1993ರ ನವೆಂಬರಿನಲ್ಲಿ ಮೊದಲು ಹಾರಿತು. ಅದರ ಹೊಸ ಆವೃತ್ತಿ 2021ರ ಸೆಪ್ಟೆಂಬರಿನಲ್ಲಿ ಆಕಾಶ ಕಂಡಿತು.

ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನ ಕಿರು ವಿಮಾನ ನಿಲ್ದಾಣ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ರೂಪುಗೊಂಡಿತು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಇಲ್ಲಿಯೇ. ಹವ್ಯಾಸಕ್ಕಾಗಿ ಹಾರುವವರೂ, ಹಾರಾಟವನ್ನೇ ವೃತ್ತಿಯಾಗಿಸಿಕೊಳ್ಳಬಯಸುವವರೂ ಇಲ್ಲಿಂದಲೇ ಮೇಲೇರುತ್ತ ಬಂದಿದ್ದಾರೆ.

ಜಾವಗಲ್ಲಿನ ರೈತ

ಈಗ ನಮ್ಮ ಸೀಮೆಯ ಕಥೆಗೆ ಬರೋಣ. ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಅನೇಕ ಹಳ್ಳಿಗಳ ಹೊಲಗದ್ದೆಗಳು ನೀರಿನಡಿ ಸೇರಿದವು. ಹೀಗೆ ಭೂಮಿ ಕಳೆದುಕೊಂಡ ಕುಟುಂಬಗಳಲ್ಲಿ ಗೊರೂರಿನ ಶಾಲಾ ಶಿಕ್ಷಕರೊಬ್ಬರ ಕುಟುಂಬವೂ ಒಂದು. ಅವರ ಮಗ ಜಿ. ಆರ್. ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯ ಸೇರಿ, 1971ರ ಯುದ್ಧವನ್ನು ಕಂಡು, ಕ್ಯಾಪ್ಟನ್ ಆಗಿದ್ದಾಗಲೇ ಸೇವೆಯನ್ನು ಬಿಟ್ಟು ಊರಿಗೆ ಬಂದರು. ಮುಳುಗಿದ ಜಮೀನಿಗೆ ಪ್ರತಿಯಾಗಿ ಸರ್ಕಾರ ಕೊಟ್ಟದ್ದು ಜಾವಗಲ್ಲಿನ ಬಳಿಯ ಬೀಳು ಭೂಮಿ. ಮಳೆ ಕಡಿಮೆ, ನೆರಳಿಗೊಂದು ಮರವಿಲ್ಲ. ಅಲ್ಲಿಯೇ ಡೇರೆ ಹಾಕಿಕೊಂಡು ಬೇಸಾಯಕ್ಕೆ ತೊಡಗಿದ ಅವರು ತೆಂಗು ಬೆಳೆದರು, ರೇಷ್ಮೆ ಸಾಕಿದರು. ಹಾಸನದಲ್ಲಿ ಮೋಟಾರ್ ಸೈಕಲ್ ಮಾರಾಟ ಮಾಡಿದರು, ಹೋಟೆಲು ನಡೆಸಿದರು. ಪರಿಸರಕ್ಕೆ ಒಪ್ಪುವ ರೇಷ್ಮೆ ಕೃಷಿಗಾಗಿ 1996ರಲ್ಲಿ ಅವರಿಗೆ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ದೊರೆಯಿತು.

1997ರಲ್ಲಿ ಗೆಳೆಯರೊಡನೆ ಸೇರಿ ಅವರು ಜಕ್ಕೂರಿನಿಂದ ಹೆಲಿಕಾಪ್ಟರ್ ಸೇವೆಯನ್ನು ಪ್ರಾರಂಭಿಸಿದರು. ಹಳ್ಳಿಗಳ ಮೇಲೆ ಹಾರುವಾಗ ಹೆಂಚಿನ ಮನೆ, ಗುಡಿಸಲುಗಳ ಮೇಲೂ ಟೆಲಿವಿಷನ್ ಆಂಟೆನಾಗಳು ಎದ್ದುನಿಂತಿದ್ದುದನ್ನು ಅವರು ಕಂಡರು. ಜನರ ಆಸೆ ಬೆಳೆದಿದೆ, ವಿಮಾನದ ಟಿಕೇಟು ಮಾತ್ರ ಅವರ ಕೈಗೆ ಎಟುಕದಷ್ಟು ಎತ್ತರದಲ್ಲಿದೆ ಎಂಬ ಅರಿವು ಅವರಿಗೆ ಮೂಡಿತು. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭವಾಯಿತು. ಪಂಖದ ಸಣ್ಣ ವಿಮಾನಗಳು ಹುಬ್ಬಳ್ಳಿಯಂಥ ಊರುಗಳಿಗೆ ಇಳಿದವು. ಕೆಲವು ಆಸನಗಳನ್ನು ಒಂದು ರೂಪಾಯಿಗೆ ಮಾರಿದಾಗ ದೇಶವೇ ಬೆರಗಾಯಿತು. ಅರವತ್ತಕ್ಕೂ ಹೆಚ್ಚು ಊರುಗಳನ್ನು ಮುಟ್ಟಿದ ಈ ಸಂಸ್ಥೆ ನಷ್ಟದ ಭಾರದಿಂದ ಬಳಲಿ ಬೇರೊಂದು ಸಂಸ್ಥೆಯೊಡನೆ ವಿಲೀನವಾಗಿ 2008ರಲ್ಲಿ ತನ್ನ ಹೆಸರನ್ನೂ ಕಳೆದುಕೊಂಡಿತು. ಆದರೆ ಕಡಿಮೆ ದರದ ವಿಮಾನವೆಂಬ ದಾರಿ ಮುಚ್ಚಲಿಲ್ಲ. ಗೋಪಿನಾಥರ ಆತ್ಮಕಥೆ ಕನ್ನಡದಲ್ಲಿ ‘ಬಾನಯಾನ’ ಎಂಬ ಹೆಸರಿನಿಂದ ಪ್ರಕಟವಾಗಿದೆ. 2020ರಲ್ಲಿ ತಮಿಳಿನಲ್ಲಿ ಬಂದ ಒಂದು ಚಲನಚಿತ್ರಕ್ಕೂ ಅದೇ ಪ್ರೇರಣೆ. ಭೂಮಿ ಮುಳುಗಿತೆಂದು ಅಳುತ್ತ ಕೂರದೆ ಬೀಳುನೆಲದಲ್ಲಿ ಕಾಯಕಕ್ಕಿಳಿದವರಿಗೆ ಆಕಾಶವೂ ಒಂದು ಹೊಲವಾದೀತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಮನದ ವಿಮಾನದಲ್ಲಿ ಒಂದು ಸುತ್ತು

ಓದುಗ ಬಂಧುಗಳೇ, ಈಗ ನಾವೆಲ್ಲರೂ ಡಿಸೆಂಬರ್ ತಿಂಗಳ ಒಂದು ಮುಂಜಾನೆ ಜಕ್ಕೂರಿನಲ್ಲಿ ಸಣ್ಣ ವಿಮಾನವೊಂದನ್ನು ಏರಿದೆವೆಂದು ಭಾವಿಸಿಕೊಳ್ಳೋಣ. ಕಾಸಿನ ಖರ್ಚಿಲ್ಲದ ಪ್ರಯಾಣ; ಹಿರಿಯರೂ ಮಕ್ಕಳೂ ಜೊತೆಗೆ ಬರಬಹುದು.

ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಜಕ್ಕೂರನ್ನು ಬಿಟ್ಟು ಪಶ್ಚಿಮಕ್ಕೆ ಹೊರಳಿದರೆ ಮೊದಲು ಕಾಣುವುದು ತುಮಕೂರು ಸೀಮೆಯ ಬಂಡೆಗುಡ್ಡಗಳು, ಆಮೇಲೆ ತಿಪಟೂರಿನ ತೆಂಗಿನ ತೋಟಗಳು. ಕೆಳಗೆ ರೈಲುಕಂಬಿ ಬೆಳ್ಳಿಯ ಎಳೆಯಂತೆ ನಮ್ಮ ಜೊತೆಯಲ್ಲಿಯೇ ಬರುತ್ತದೆ. ಸಣ್ಣ ವಿಮಾನದ ಚಾಲಕರಿಗೆ ರೈಲುದಾರಿಯೂ ಕೆರೆಗಳೂ ಬೆಟ್ಟಗಳೂ ಇಂದಿಗೂ ನಂಬಿಕೆಯ ಗುರುತುಗಳು. ಉಪಕರಣಗಳು ಎಷ್ಟೇ ಇದ್ದರೂ ಕಣ್ಣಿಗೆ ಕಾಣುವ ನೆಲವೇ ಅವರ ಮೊದಲ ನಕ್ಷೆ. ಹಳಿಗಳು ಕವಲೊಡೆದು ಒಂದು ಉತ್ತರಕ್ಕೆ, ಇನ್ನೊಂದು ಹಾಸನದ ಕಡೆಗೆ ತಿರುಗುವ ಸ್ಥಳ ಕಂಡಿತೆಂದರೆ ಅರಸೀಕೆರೆ ಬಂದಿತೆಂದೇ ಅರ್ಥ. ಒಂದು ಬದಿಗೆ ಹಿರೇಕಲ್ಲಿನ ಗುಡ್ಡಗಳ ಸಾಲು. ಊರಿಗೆ ಹೆಸರು ಕೊಟ್ಟ ಕೆರೆ. 1220ರ ಸುಮಾರಿಗೆ ಕಟ್ಟಿದ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ.

ಮೇಲಿನಿಂದ ನೋಡಿದಾಗ ನಮ್ಮ ಬಯಲುಸೀಮೆಯ ನಿಜವಾದ ಸಂಪತ್ತು ಯಾವುದೆಂಬುದು ತಾನೇ ತಾನಾಗಿ ತಿಳಿಯುತ್ತದೆ. ಒಂದಾದ ಮೇಲೊಂದು ಕೆರೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಬಾಯಿ. ನೆಲದ ಮೇಲೆ ಬೇರೆ ಬೇರೆ ಊರಿನವಾಗಿ ಕಾಣುವ ಈ ಕೆರೆಗಳು ಎತ್ತರದಿಂದ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಎಲ್ಲಿ ಒಂದು ಕೆರೆ ಹೂಳು ತುಂಬಿ ಜಾಲಿ ಬೆಳೆದಿದೆಯೋ ಅಲ್ಲಿ ಸರ ತುಂಡಾಗಿರುವುದೂ ಅಷ್ಟೇ ಸ್ಪಷ್ಟ.

ಅರಸೀಕೆರೆಯಿಂದ ಹಳೇಬೀಡು ಗಾಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು, ಎಂಟು ಹತ್ತು ನಿಮಿಷದ ಮಾತು. ಜಾವಗಲ್ಲು ದಾಟಿದೊಡನೆ ದ್ವಾರಸಮುದ್ರದ ದೊಡ್ಡ ಕೆರೆ ಹೊಳೆಯುತ್ತದೆ. ರಾಜಧಾನಿಗೆ ಹೆಸರು ಬಂದದ್ದು ಈ ಕೆರೆಯಿಂದಲೇ. ಅದರ ಮಗ್ಗುಲಲ್ಲಿ ಹೊಯ್ಸಳೇಶ್ವರ. ನೆಲದ ಮೇಲೆ ಪ್ರದಕ್ಷಿಣೆ ಬರುವವರಿಗೆ ಆ ದೇಗುಲದ ಗೋಡೆ ಒಂದೊಂದು ಮೂಲೆಯಾಗಿ, ಒಂದೊಂದು ಮೂರ್ತಿಯಾಗಿ ಎದುರಾಗುತ್ತದೆ. ಆದರೆ ಎರಡು ಗುಡಿಗಳು ಅಕ್ಕತಂಗಿಯರಂತೆ ಕೈಹಿಡಿದು ನಿಂತಿರುವುದನ್ನೂ, ಜಗತಿಯ ಅಂಚು ಗುಡಿಯ ಮೂಲೆಮೂಲೆಗಳನ್ನು ಅನುಸರಿಸಿ ಮಡಿಕೆ ಮಡಿಕೆಯಾಗಿ ತಿರುಗುವುದನ್ನೂ ಒಂದೇ ನೋಟದಲ್ಲಿ ಕಾಣಬೇಕಾದರೆ ಮೇಲಿನಿಂದಲೇ ನೋಡಬೇಕು. ಸುಮಾರು 900 ವರ್ಷಗಳ ಹಿಂದೆ ಹಗ್ಗ, ಗೂಟಗಳಿಂದ ಚೌಕವನ್ನು ತಿರುಗಿಸಿ ತಿರುಗಿಸಿ ನಕ್ಷತ್ರವನ್ನು ಬರೆದ ಆ ಸ್ಥಪತಿಗಳು ತಮ್ಮ ಕೃತಿಯನ್ನು ಹೀಗೆ ಎಂದೂ ಕಂಡವರಲ್ಲ. ಅವರು ಕಂಡದ್ದು ಮನಸ್ಸಿನ ಕಣ್ಣಿನಿಂದ. ಯಂತ್ರದ ನೆರವಿಲ್ಲದೆ ಆಕಾಶದಿಂದ ನೋಡಬಲ್ಲವರಾಗಿದ್ದರು ಅವರು!

ಬಲಕ್ಕೆ, ವಾಯವ್ಯದಲ್ಲಿ, 1930 ಮೀಟರು ಎತ್ತರದ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಎದುರಿಗೆ ಯಗಚಿಯ ದಂಡೆಯ ಬೇಲೂರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ಪೌಳಿಯ ನಡುವೆ ಒಡವೆಪೆಟ್ಟಿಗೆಯಂತೆ ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಈ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ನೀರು ಬೇರಾಗುವ ಗೆರೆ

ಬೇಲೂರನ್ನು ಬಿಟ್ಟು ನೈರುತ್ಯಕ್ಕೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ರಾಗಿ, ತೆಂಗುಗಳ ಮಾಸಲು ಹಸಿರು ಹೋಗಿ ಕಾಫಿ ತೋಟಗಳ ಕಡುಹಸಿರು ಆವರಿಸುತ್ತದೆ. ಸಕಲೇಶಪುರದಾಚೆ ದಿಬ್ಬದ ಮೇಲೆ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ. ಎಂಟು ಮೂಲೆಗಳ ಈ ಕೋಟೆಯ ಒಳಗೆ ನಿಂತವರಿಗೆ ಗೋಡೆ ಮಾತ್ರ ಕಾಣುತ್ತದೆ. ಆಕಾಶದಿಂದ ನೋಡಿದವರಿಗೆ ಅಂಗಳದಲ್ಲಿ ಬಿಟ್ಟ ರಂಗೋಲಿಯ ನಕ್ಷತ್ರ. ಗುಡಿಯ ನಕ್ಷತ್ರ, ಕೋಟೆಯ ನಕ್ಷತ್ರ ಎರಡನ್ನೂ ಒಂದೇ ಬೆಳಗ್ಗೆ ತೋರಿಸಬಲ್ಲ ಬಾನದಾರಿ ಪ್ರಪಂಚದಲ್ಲಿ ಎಷ್ಟಿವೆಯೋ!

ಇಲ್ಲಿಂದ ಮುಂದೆ ನೆಲ ಕಾಲಡಿಯಿಂದ ಜಾರಿದಂತೆ ಕುಸಿಯುತ್ತದೆ. ಇದೇ ಘಟ್ಟದ ಅಂಚು. ಈ ಅಂಚಿನ ಪೂರ್ವಕ್ಕೆ ಬಿದ್ದ ಮಳೆಹನಿ ಹೇಮಾವತಿಯನ್ನು ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳಿಗೆ ಎರಡು ಕಡಲು. ಮುಂಗಾರಿನ ಗಾಳಿ ತಂದ ಮೋಡಗಳು ಈ ಗೋಡೆಗೆ ಒರಗಿ ಹೊರೆ ಇಳಿಸಿಬಿಡುವುದರಿಂದಲೇ ಅರಸೀಕೆರೆಗೆ ಬರುವ ಹೊತ್ತಿಗೆ ಅವು ಬರಿಗೈಯಾಗಿರುತ್ತವೆ.

ಆ ನೀರಿನ ಪಾಲೊಂದನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಪಂಪುಗಳೂ ಕೊಳವೆಗಳೂ ಇದೇ ಹಾದಿಯಲ್ಲಿವೆ. 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಗುರಿಯುಳ್ಳ ಈ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಪಡೆಯಿತು. ಅದರ ಕಾಲುವೆ ಅರಸೀಕೆರೆ ತಾಲ್ಲೂಕನ್ನು ಹಾದು ಮುಂದೆ ಹೋಗಬೇಕು. ಕುಡಿಯುವ ನೀರಿಗಾಗಿ ಕೊಡ ಹಿಡಿದು ನಿಂತು ಬಲ್ಲ ನಮಗೆ ಆ ಕಾಲುವೆ ಆಸೆಯ ಗೆರೆ. ನೇತ್ರಾವತಿ ಬತ್ತೀತೆಂದು ಚಿಂತಿಸುವ ಕರಾವಳಿಯವರಿಗೆ, ಕಾಡು ಕಡಿದ ಕಡೆ ಗುಡ್ಡ ಜರಿಯುವುದನ್ನು ಕಂಡ ಮಲೆನಾಡಿನವರಿಗೆ ಅದು ಅಂಜಿಕೆಯ ಗೆರೆ. 2018ರಲ್ಲಿಯೂ 2024ರಲ್ಲಿಯೂ ಮಳೆಗಾಲದ ಭೂಕುಸಿತದಿಂದ ಈ ಘಟ್ಟದಲ್ಲಿ ರೈಲು ಸಂಚಾರ ನಿಂತುದು ನೆನಪಿರಬಹುದು. ನೆಲದ ಮೇಲೆ ನಿಂತಾಗ ನಮ್ಮ ಊರಿನ ನ್ಯಾಯ ಮಾತ್ರ ಕಾಣುತ್ತದೆ. ಎರಡು ಇಳಿಜಾರುಗಳನ್ನೂ ಒಂದೇ ಕಿಟಕಿಯಿಂದ ಕಂಡವನು ಮಾತ್ರ, ಅಲ್ಲಿಯೂ ಮಕ್ಕಳುಮರಿಗಳಿರುವ ಮನೆಗಳಿವೆ, ಕೊಡುವವರ ಹೊಟ್ಟೆ ನೋಯದಂತೆ ಪಡೆಯುವ ಬಗೆಯನ್ನು ಹುಡುಕಬೇಕು ಎಂದು ಆಲೋಚಿಸಿಯಾನು.

ಘಟ್ಟ ಕಲಿಸುವ ಪಾಠ

ಸಣ್ಣ ವಿಮಾನಕ್ಕೆ ಘಟ್ಟವೆಂದರೆ ಆಟವಲ್ಲ. ಬಯಲಿನ ಮೇಲೆ ಹಾರುವಾಗ ಚಾಲಕನ ಒಂದು ಕಣ್ಣು ಸದಾ ಕೆಳಗಿರುತ್ತದೆ: ಎಂಜಿನ್ನು ಈಗಲೇ ನಿಂತರೆ ಯಾವ ಹೊಲದಲ್ಲಿ ಇಳಿಯಲಿ? ಎಂಜಿನ್ನು ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಒಂದು ಕಿಲೋಮೀಟರು ಎತ್ತರದಿಂದ ಸುಮಾರು ಒಂಬತ್ತು ಕಿಲೋಮೀಟರು ದೂರ ತೇಲಿ ಬರಬಲ್ಲದು. ಆದರೆ ಘಟ್ಟದ ದಟ್ಟ ಕಾಡಿನಲ್ಲಿ ಇಳಿಯಲು ಹೊಲವೆಲ್ಲಿ? ಆದುದರಿಂದ ಎತ್ತರವನ್ನೇ ಉಳಿತಾಯದ ಹಣದಂತೆ ಕೂಡಿಟ್ಟುಕೊಂಡು, ಶಿಖರಗಳಿಗಿಂತ ಸಾಕಷ್ಟು ಮೇಲೆ, ಕೆಳಗಿನ ಬಯಲಿಗೆ ತೇಲಿ ತಲುಪುವಷ್ಟು ಅಂತರವಿಟ್ಟುಕೊಂಡು ದಾಟಬೇಕು.

ಗಾಳಿಯದು ಇನ್ನೊಂದು ಬಗೆ. ಪಶ್ಚಿಮದ ಬಲವಾದ ಗಾಳಿ ಬೆಟ್ಟವನ್ನು ಏರಿ ಈಚೆ ಬದಿಗೆ ಧುಮುಕುವಾಗ ಸಣ್ಣ ವಿಮಾನವನ್ನು ಎಂಜಿನ್ನಿನ ಬಲ ಸಾಲದಷ್ಟು ರಭಸದಿಂದ ಕೆಳಕ್ಕೆ ಒತ್ತಬಲ್ಲದು. ಅದಕ್ಕಾಗಿಯೇ ಅನುಭವಿಗಳು ಬೆಟ್ಟದ ಸಾಲಿಗೆ ನೆಟ್ಟಗೆ ನುಗ್ಗದೆ ಓರೆಯಾಗಿ ಸಮೀಪಿಸುತ್ತಾರೆ. ಹಿಂದಿರುಗಲು ಅರ್ಧ ತಿರುವು ಸಾಕಾಗಲಿ ಎಂದು. ಮೋಡ ಕವಿದರೆ ಮುಂದುವರಿಯುವುದಿಲ್ಲ. ಮಳೆಗಾಲದ ಘಟ್ಟದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ಹೊರಟ ಮೇಲೆ ಹಿಂದಿರುಗುವುದು ಅವಮಾನವಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ. ಬಾಳಿನಲ್ಲಿಯೂ ಇದನ್ನು ಕಲಿತವರು ಕಡಿಮೆ.

ಅಪಾಯವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೆದ್ದ ಸಣ್ಣ ವಿಮಾನ ಕೆಲವೇ ಕ್ಷಣಗಳಲ್ಲಿ ನೆಲಕ್ಕುರುಳಿ, ಕನ್ನಡಿಗರ ಮನೆಮಗಳಂತಿದ್ದ ನಟಿ ಸೌಂದರ್ಯ, ಅವರ ಸೋದರ ಸೇರಿದಂತೆ ನಾಲ್ವರು ಮಡಿದರು. 2010ರ ಮೇ 22ರಂದು ಮಂಗಳೂರಿನಲ್ಲಿ ದೊಡ್ಡ ವಿಮಾನವೊಂದು ಓಡುದಾರಿಯನ್ನು ಮೀರಿ ಕಣಿವೆಗೆ ಜಾರಿ 158 ಜನರು ಪ್ರಾಣ ಕಳೆದುಕೊಂಡರು. ಇಂಥ ನೆನಪುಗಳಿರುವಾಗ, ‘ನಮ್ಮ ಹುಡುಗನಿಗೆ ಈ ಹುಚ್ಚು ಬೇಡ’ ಎನ್ನುವ ತಾಯಿಯನ್ನು ಹೇಡಿಯೆಂದು ಯಾರೂ ಹೀಯಾಳಿಸಲಾಗದು.

ಕೊನೆಗೂ ಕಡಲು

ಘಟ್ಟ ದಾಟಿದ ಮೇಲೆ ವಿಮಾನ ಮೆಲ್ಲಮೆಲ್ಲನೆ ಇಳಿಯುತ್ತದೆ. ಕಿವಿ ಗುಂಯ್‌ಗುಡುತ್ತದೆ, ಮೇಲಿದ್ದ ತಂಪು ಕರಗಿ ಕರಾವಳಿಯ ಸೆಕೆ ಒಳನುಗ್ಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿ ಅಡಿಕೆ ತೋಟಗಳ ನಡುವೆ ಅಗಲವಾಗುತ್ತ ನಮಗೆ ದಾರಿ ತೋರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನೆಲ ಮುಗಿದು ಬೆಳಕೇ ಹಾಸಿದಂತೆ ಕಡಲು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಬಜ್ಪೆಯ ನಿಲ್ದಾಣ ಎದುರಾಗುತ್ತದೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ವಿಮಾನದಲ್ಲಿಯೇ ಬಂದಿಳಿದು ಈ ನಿಲ್ದಾಣವನ್ನು ಉದ್ಘಾಟಿಸಿದ್ದರು.

ನಮ್ಮ ಮನೆಯ ಮಕ್ಕಳಿಗೆ

ಹಾರುವ ಹಂಬಲವುಳ್ಳ ಮಕ್ಕಳು ಮನೆಯಲ್ಲಿದ್ದರೆ ತಂದೆತಾಯಿಗಳು ಇಷ್ಟನ್ನು ತಿಳಿದಿರಬೇಕು. ಹದಿನಾರು ತುಂಬಿದವರು ವಿದ್ಯಾರ್ಥಿ ಚಾಲಕರಾಗಬಹುದು. ಹದಿನೇಳಕ್ಕೆ, ಕನಿಷ್ಠ 40 ಗಂಟೆಗಳ ಹಾರಾಟದ ಅನುಭವದೊಡನೆ, ಖಾಸಗಿ ಪರವಾನಗಿ ದೊರೆಯುತ್ತದೆ; ಇದು ಸಂತೋಷಕ್ಕಾಗಿ ಹಾರಲು ಮಾತ್ರ, ಸಂಪಾದನೆಗಲ್ಲ. ವೃತ್ತಿಯಾಗಿಸಿಕೊಳ್ಳಲು ವಾಣಿಜ್ಯ ಪರವಾನಗಿ ಬೇಕು. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಆಗಿರಬೇಕು. ಎಲ್ಲಕ್ಕೂ ವೈದ್ಯಕೀಯ ಪರೀಕ್ಷೆಯುಂಟು. ಖರ್ಚು ದೊಡ್ಡದು. ಆದುದರಿಂದ ಜಮೀನು ಅಡವಿಡುವ ಮೊದಲು ಮಗುವಿನ ಆರೋಗ್ಯವನ್ನೂ ಶ್ರದ್ಧೆಯನ್ನೂ ಪರೀಕ್ಷಿಸಿ ನೋಡುವುದು ಜಾಣತನ.

ಹೆಣ್ಣುಮಕ್ಕಳಿಗೆ ಇದು ಒಗ್ಗದೆಂಬ ಮಾತಿಗೆ ಈಗ ಬೆಲೆಯಿಲ್ಲ. 2019ರಲ್ಲಿ ಮುಂಬಯಿಯ ಆರೋಹಿ ಪಂಡಿತ್ ಎಂಬ ಯುವತಿ ಹಗುರ ವಿಮಾನದಲ್ಲಿ ಒಬ್ಬಳೇ ಅಟ್ಲಾಂಟಿಕ್ ಸಾಗರವನ್ನು ದಾಟಿದಳು.

ಹಾಸನದ ಬಳಿ ವಿಮಾನ ನಿಲ್ದಾಣವಾಗಬೇಕೆಂಬುದು ಬಹುಕಾಲದ ಮಾತು. ನೆರೆಯ ಶಿವಮೊಗ್ಗದಲ್ಲಿ 2023ರ ಫೆಬ್ರವರಿಯಲ್ಲಿ ನಿಲ್ದಾಣ ಪ್ರಾರಂಭವಾಯಿತು. ಮುಂದೊಂದು ದಿನ ನಮ್ಮ ಮೊಮ್ಮಕ್ಕಳು ಈ ಹಾದಿಯಲ್ಲಿ ನಿಜವಾಗಿಯೇ ಹಾರಿಯಾರು. ಆಗ ಅವರು ಕಿಟಕಿಯಿಂದ ಕೆಳಗೆ ನೋಡಿದಾಗ ಹಳೇಬೀಡಿನ ನಕ್ಷತ್ರ ಕಾಣುವುದು ಖಂಡಿತ. ಅದು ಕಲ್ಲಿನದು, ಉಳಿದೀತು. ಆದರೆ ಅರಸೀಕೆರೆಯ ಕೆರೆಗಳ ಮಣಿಸರ ಹರಿಯದೆ ಉಳಿದಿರುತ್ತದೆಯೇ, ಘಟ್ಟದ ಕಡುಹಸಿರು ಮಾಸದೆ ಉಳಿದಿರುತ್ತದೆಯೇ ಎಂಬುದು ಮಾತ್ರ, ನೆಲದ ಮೇಲಿರುವ ನಮ್ಮ ಇಂದಿನ ನಡೆಯನ್ನು ಅವಲಂಬಿಸಿದೆ.